ಲೈಸೆನ್ಸ್ ಇಲ್ಲದ ಕೈ

"ತಪ್ಪು," ಎಂದ ಉಜಿನ್, ದಾಸೊಮ್ ಬರೆದ ಉತ್ತರ ನೋಡಿ. "ಡಾಕ್ಟರ್ ಪಕ್ಕದಲ್ಲೇ ನಿಂತಿದ್ರೂ, ಲೈಸೆನ್ಸ್ ಇಲ್ಲದವರು ರೋಗಿಯ ಹಲ್ಲು ಕ್ಲೀನ್ ಮಾಡೋ ಹಾಗಿಲ್ಲ. ಅದು ಅಪರಾಧ. ಸರಿ ಅಂತ ನಿಮಗೆ ಹೇಳಿದ್ಯಾರು?"

ದಾಸೊಮ್ ಪುಸ್ತಕದತ್ತ ತಲೆ ಬಗ್ಗಿಸಿದಳು. ಕಿವಿಯವರೆಗೂ ಬಿಸಿಯೇರಿತು.

ದಕ್ಷಿಣ ಕೊರಿಯಾದ ಜೊಂಜು ನಗರದ ನೂಡಲ್ಸ್ ಅಂಗಡಿಯೊಂದರ ಮಹಡಿಯಲ್ಲಿ ಐದು ಜನ ಕೂತಿದ್ದರು. ಎಲ್ಲರೂ ಕಳೆದ ವರ್ಷ ಹಲ್ಲು ಕ್ಲೀನ್ ಮಾಡುವ ಡೆಂಟಲ್ ಹೈಜೀನಿಸ್ಟ್ ಕೆಲಸದ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದವರು. ದಾಸೊಮ್ ಬಿದ್ದದ್ದು ಕಾನೂನು ವಿಷಯವೊಂದರಲ್ಲೇ. ಪಾಠ ಹೇಳಲು ಬಂದ ಉಜಿನ್ ಅವರ ಕಾಲೇಜಿನಲ್ಲೇ ಓದಿದವನು. ಈಗ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೆಲಸ.

'ನಾಲ್ಕು ತಿಂಗಳಿಂದ ನಾನು ಮಾಡ್ತಿರೋದೇ ಅದಲ್ವಾ...'

"ಕೈ ಪಳಗಲಿ, ಹೇಗೂ ಲೈಸೆನ್ಸ್ ಬರುತ್ತೆ," ಎಂದು ಅವಳು ಸಹಾಯಕಿಯಾಗಿದ್ದ ಹಲ್ಲಿನ ಕ್ಲಿನಿಕ್ಕಿನ ಡಾಕ್ಟರೇ ಅವಳ ಕೈಗೆ ಉಪಕರಣ ಕೊಟ್ಟಿದ್ದರು.

ಉಜಿನ್ ಅವಳ ಮುಖವನ್ನೇ ನೋಡಿದ. ನಂತರ ಸುಮ್ಮನೆ ಪುಟ ತಿರುಗಿಸಿದ.

ಪಾಠ ಮುಗಿದ ಮೇಲೆ ಬಸ್ ನಿಲ್ದಾಣದವರೆಗೂ ಜೊತೆಗೆ ಬಂದ.

"ಆ ಪ್ರಶ್ನೆ ನಿಮಗೆ ಬರೀ ಪ್ರಶ್ನೆ ಅಲ್ಲ, ಅಲ್ವಾ?"

"ಪಾಠ ಮುಗೀತಲ್ಲ ಮೇಷ್ಟ್ರೇ. ಬಸ್ ಬಂತು."

ಅವನು ಮತ್ತೆ ಕೇಳಲಿಲ್ಲ. ಆದರೆ ಪ್ರತಿ ವಾರವೂ ನಿಲ್ದಾಣದವರೆಗೆ ಬಂದ. ಒಮ್ಮೆ ಅವಳ ಕೈ ತಣ್ಣಗಾಗಿದ್ದನ್ನು ಕಂಡು ತನ್ನ ಕೈಗವಸನ್ನೇ ಕೊಟ್ಟ. ಪಾಠವಿರುವ ಗುರುವಾರ ಯಾವಾಗ ಬರುತ್ತದೋ ಎಂದು ದಾಸೊಮ್ ಕಾಯತೊಡಗಿದಳು.

ನಾಲ್ಕನೆಯ ವಾರ, ದೂರು ಬಂದಿದೆ ಎಂದು ಆರೋಗ್ಯ ಕೇಂದ್ರದ ಅಧಿಕಾರಿಗಳು ಕ್ಲಿನಿಕ್ಕಿಗೆ ಬಂದರು.

"ನಾನು ಹೇಳೇ ಇಲ್ಲ. ಇವಳೇ ಮೇಲೆ ಬಿದ್ದು ಮಾಡಿದ್ದು," ಎಂದರು ಡಾಕ್ಟರ್, ಅವಳ ಕಡೆ ನೋಡದೆ. ಅಂದೇ ಅವಳನ್ನು ಕೆಲಸದಿಂದ ತೆಗೆದರು.

ದಾಸೊಮ್ ಉಜಿನ್‌ಗೆ ಫೋನ್ ಮಾಡಿದಳು.

"ನಿಮ್ಮನ್ನ ನಂಬಿದ್ದೆ. ಕುತ್ತಿಗೆ ಕೊಯ್ದ್ರಿ."

"ದೂರು ಕೊಟ್ಟಿದ್ದು ನಾನಲ್ಲ ದಾಸೊಮ್ ಅವರೇ."

"ಹಾಗಾದ್ರೆ ಯಾರು?"

"ಅದನ್ನ ಹೇಳೋ ಹಾಗಿಲ್ಲ..."

ಅವಳು ಫೋನ್ ಇಟ್ಟುಬಿಟ್ಟಳು.

ಆಮೇಲೆ ಪಾಠಕ್ಕೂ ಹೋಗಲಿಲ್ಲ. ಕೂತರೆ ಓದಲಾಗುತ್ತಿರಲಿಲ್ಲ, ನಿಂತರೆ ಕಾಲು ನಿಲ್ಲುತ್ತಿರಲಿಲ್ಲ. ಪುಸ್ತಕ ಹಿಡಿದು ಕೋಣೆಯ ಉದ್ದಗಲಕ್ಕೂ ನಡೆದಳು. ಯಾರು ಏನು ಮಾಡಬಹುದು, ಯಾರು ಮಾಡಬಾರದು... ಒಂದೊಂದು ಸಾಲೂ ತನ್ನನ್ನೇ ಬೊಟ್ಟು ಮಾಡಿ ತೋರಿಸಿದಂತಿತ್ತು.

ಒಂದು ಭಾನುವಾರ ಕ್ಲಿನಿಕ್ಕಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಮಿಜು ಅಕ್ಕ ಮನೆಗೆ ಬಂದಳು. ಕೋಟು ಕೂಡ ತೆಗೆಯಲಿಲ್ಲ.

"ಫೋನ್ ಮಾಡಿ ದೂರು ಕೊಟ್ಟಿದ್ದು ನಾನು ಕಣೇ. ಆವತ್ತು ನೀನು ಹಲ್ಲು ಕ್ಲೀನ್ ಮಾಡ್ವಾಗ ಆ ಅಜ್ಜಿ ವಸಡಲ್ಲಿ ರಕ್ತ ನಿಲ್ಲಲೇ ಇಲ್ಲ, ನೆನಪಿದ್ಯಾ? ನೀನು ಗಾಬರಿಯಾಗಿ ನನ್ನ ನೋಡ್ದೆ. ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ನಿನ್ನ ಹೆಸರು ಬರುತ್ತೆ ಅಂತ ಯೋಚನೇನೇ ಮಾಡ್ಲಿಲ್ಲ."

ದಾಸೊಮ್‌ಗೆ ಸಿಟ್ಟು ಬರಲಿಲ್ಲ. ಕಣ್ಣೆದುರು ಆ ಅಜ್ಜಿಯ ಬಾಯಿ ಬಂತು.

ಮರುದಿನ ಬೆಳಿಗ್ಗೆ ಅವಳೇ ಆರೋಗ್ಯ ಕೇಂದ್ರಕ್ಕೆ ಹೋದಳು. ಪರೀಕ್ಷೆಗೆ ಕೂರಲು ಬಿಡದಿದ್ದರೂ ಸರಿ ಎಂದುಕೊಂಡು, ಎಷ್ಟು ಜನರ ಹಲ್ಲು ಕ್ಲೀನ್ ಮಾಡಿದೆ, ಯಾರು ಹೇಳಿದ್ದು, ಎಲ್ಲವನ್ನೂ ಬರೆದುಕೊಟ್ಟಳು.

ಹೊರಗೆ ಕಾರಿಡಾರಿನಲ್ಲಿ ಉಜಿನ್ ನಿಂತಿದ್ದ.

"ತಪ್ಪು ತಿಳ್ಕೊಂಡೆ. ಕ್ಷಮಿಸಿ," ಎಂದಳು.

"ಕ್ಷಮೆ ನಾನು ಕೇಳ್ಬೇಕು. ಮೊದಲ ದಿನವೇ ನಂಗೆ ಗೊತ್ತಾಗಿತ್ತು. ಆಗಲೇ ಕೇಂದ್ರಕ್ಕೆ ಹೇಳೋದು ನನ್ನ ಕರ್ತವ್ಯವಾಗಿತ್ತು. ಇವತ್ತು ಕೇಳ್ತೀನಿ, ನಾಳೆ ಕೇಳ್ತೀನಿ ಅಂತ ನಿಮ್ಮ ಜೊತೆ ನಿಲ್ದಾಣದವರೆಗೂ ನಡೆದೆ. ಆಮೇಲೆ... ನಡೆಯೋದೇ ಇಷ್ಟವಾಯ್ತು. ಅಷ್ಟರಲ್ಲಿ ಆ ಅಜ್ಜಿಗೆ ನೋವಾಯ್ತು." ಅವನ ದನಿ ತಗ್ಗಿತು. "ಮೊನ್ನೆ ಶುಕ್ರವಾರ ಮೇಲಧಿಕಾರಿಗೆ ಎಲ್ಲ ಹೇಳಿದೆ."

ಹೋಗುವಾಗ ದಾಸೊಮ್ ಒಂದೇ ಮಾತು ಕೇಳಿದಳು. "ಈ ಗುರುವಾರ ಪಾಠ ಇದ್ಯಾ?"

"ಇದೆ."

ಡಾಕ್ಟರ ಮೇಲೆ ಕೇಸಾಯಿತು. ದಾಸೊಮ್‌ಗೂ ಉಜಿನ್‌ಗೂ ಎಚ್ಚರಿಕೆ ಕೊಟ್ಟು ಬಿಟ್ಟರು. ಅವಳು ಆ ಅಜ್ಜಿಯ ಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿ ಬಂದಳು. ಡಿಸೆಂಬರ್ ಚಳಿಯಲ್ಲಿ ಪರೀಕ್ಷೆ ಬರೆದಳು.

ಫಲಿತಾಂಶದ ದಿನ ಇಬ್ಬರೂ ಮೊಳಕೆಕಾಳಿನ ಸಾರನ್ನದ ಹೋಟೆಲಿನಲ್ಲಿ ಎದುರುಬದುರು ಕೂತಿದ್ದರು. ಫೋನ್ ತೆರೆಯಲು ದಾಸೊಮ್‌ಗೆ ಧೈರ್ಯವಿರಲಿಲ್ಲ. ಉಜಿನ್‌ನ ಕಡೆ ತಳ್ಳಿದಳು.

ಅವನು ನೋಡಿದ. ತುಂಬ ಹೊತ್ತು ನೋಡಿದ.

"ಹೇಳ್ರೀ... ಜೀವ ಹೋಗ್ತಿದೆ."

"ಪಾಸು. ಕಾನೂನಲ್ಲೇ ಎಲ್ಲಕ್ಕಿಂತ ಜಾಸ್ತಿ ಅಂಕ."

ದಾಸೊಮ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವನು ಅವಳ ಅಳು ನಿಲ್ಲುವವರೆಗೂ ಕಾದ.

"ಪರೀಕ್ಷೆ ಮುಗೀಲಿ ಅಂತ ಬಾಯಿ ಬಿಗಿಹಿಡಿದಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಒದ್ದೆ ಕಣ್ಣಲ್ಲೇ ನಕ್ಕಳು. "ಇಷ್ಟ ಇರೋರನ್ನ ಯಾರಾದ್ರೂ 'ನೀವು' ಅಂತಾರಾ?"

"ಮತ್ತೇನನ್ಲಿ?"

"ನೀನು ಅನ್ನಿ."

"ಹಾಗಾದ್ರೆ ನೀನೂ ಅನ್ನು."

ದಾಸೊಮ್ ತಲೆ ತಗ್ಗಿಸಿದಳು. ಚಮಚ ಎತ್ತಿ ಅವನ ಕೈಗಿಟ್ಟಳು.

"ಊಟ ಮಾಡು ಉಜಿನ್... ಆರಿಹೋಗುತ್ತೆ."