ಇಳಿಯುವ ದಾರಿ

ಲಾರಿ ರಿವರ್ಸಿನಲ್ಲಿ ಬರುತ್ತಿತ್ತು... ಸೀದಾ ನನ್ನ ಮೇಲಕ್ಕೆ!

ನಾನು ಕದಲಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ. ಬೆಳಗ್ಗೆಯಿಂದ ಬಿಸಿಲಲ್ಲಿ ಟೇಪು ಹಿಡಿದು ರ‍್ಯಾಂಪ್ ಅಳೆದಿದ್ದೆ. ಮಂಡಿ ಎರಡೂ ಹಿಡಿದುಕೊಂಡಿದ್ದವು. ಓಡುವ ಶಕ್ತಿ ಇರಲಿಲ್ಲ, ಅಷ್ಟೇ.

ಬೋರ್ಡಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತೆ.

ಲಾರಿ ಒಂದು ಗೇಣು ದೂರದಲ್ಲಿ ನಿಂತಿತು. ಅದರ ಮೇಲೊಂದು ಸಣ್ಣ ಕ್ರೇನು. ಕ್ಯಾಬಿನ್ನಿಂದ ಅಶ್ವಥ್ ಕೆಳಗಿಳಿದ. ಈ ರಸ್ತೆ ಕಟ್ಟಿದ ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್. ಹಿಂದೆಯೇ ಇಬ್ಬರು ಆಳುಗಳು.

“ಮೇಡಂ, ಒಸಿ ಪಕ್ಕಕ್ ಬನ್ನಿ. ಬೋರ್ಡ್ ಕೀಳ್ಬೇಕು.”

“ಯಾಕೆ?”

“ಹಳೇದಾಗೈತೆ.”

“ಎರಡೇ ತಿಂಗಳಿಗಾ?”

“ಬಿಸ್ಲು ಜಾಸ್ತಿ ಅಲ್ವಾ ಮೇಡಂ...”

ಸುಳ್ಳು ಹೇಳುವುದಕ್ಕೂ ಅವನಿಗೆ ಉತ್ಸಾಹವಿರಲಿಲ್ಲ. ಪಾಪ, ಅವನಿಗೂ ಸುಸ್ತಾಗಿತ್ತು.

ನನ್ನ ಹೆಸರು ಪ್ರತಿಮಾ. ಊರು ಕನಕಪುರ. ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ. ರಸ್ತೆಯ ನಕ್ಷೆ ನೋಡಿ ಅಲ್ಲಿ ವರ್ಷಕ್ಕೆ ಎಷ್ಟು ಆಕ್ಸಿಡೆಂಟ್ ಆಗುತ್ತವೆ ಅಂತ ಮುಂಚೆಯೇ ಹೇಳುವುದು. ತಿರುವು ಎಷ್ಟು ಬಿಗಿ, ಇಳಿಜಾರು ಎಷ್ಟು, ಲೇನ್ ಎಷ್ಟು ಅಗಲ, ದಿನಕ್ಕೆ ಎಷ್ಟು ಗಾಡಿ... ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರೆ ಒಂದು ನಂಬರ್ ಬರುತ್ತದೆ. ಸಾಯುವವರ ಹೆಸರು ಮಾತ್ರ ಬರುವುದಿಲ್ಲ.

ಚನ್ನಪಟ್ಟಣದ ಆಚೆ ಇರುವ ಈ ಇಂಟರ್‌ಚೇಂಜ್ ನೋಡಬೇಕು ನೀವು. ಬೇರೆ ಕಡೆ ಹೈವೇ ಮೇಲೆ ಹೋಗುತ್ತದೆ, ಹಳ್ಳಿ ರಸ್ತೆ ಕೆಳಗೆ. ಇಲ್ಲಿ ಉಲ್ಟಾ. ಬಂಡೆ ಕೊರೆದು ಹೈವೇಯನ್ನು ಹಳ್ಳದಲ್ಲಿ ತಂದಿದ್ದಾರೆ. ಹಳ್ಳಿ ರಸ್ತೆ ಸೇತುವೆಯ ಮೇಲೆ. ಅಲ್ಲಿಂದ ಎರಡು ರ‍್ಯಾಂಪ್. ಒಂದು ಹೈವೇ ಸೇರುವವರಿಗೆ, ಇನ್ನೊಂದು ಹೈವೇ ಬಿಟ್ಟು ಬರುವವರಿಗೆ.

ಮೂರು ವಾರದ ಹಿಂದೆ ತಾಜ್ ಪಾಷಾ ಅನ್ನುವವನು ಉಯ್ಯಂಬಳ್ಳಿ ಕಡೆಯಿಂದ ರೇಷ್ಮೆ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದ. ಈ ದಾರಿ ಅವನಿಗೆ ಹೊಸದು. ಹೈವೇ ಬಿಟ್ಟು ಬರುವವರ ರ‍್ಯಾಂಪಿನಲ್ಲಿ ಟೆಂಪೋ ನುಗ್ಗಿಸಿದ. ಎದುರಿಂದ ಕಾರು ಬಂತು. ಕಾರಿನಲ್ಲಿದ್ದ ಮಾಗಡಿಯ ಮೇಷ್ಟ್ರು ಸ್ಥಳದಲ್ಲೇ ಹೋದರು.

ಗೊತ್ತಿದ್ದೂ ರಾಂಗ್ ಸೈಡಲ್ಲಿ ನುಗ್ಗಿದ ಅಂತ ಪೊಲೀಸರು ದೊಡ್ಡ ಸೆಕ್ಷನ್ ಹಾಕಿದರು. ಸಾಬೀತಾದರೆ ಹತ್ತು ವರ್ಷದವರೆಗೂ ಜೈಲು. ಚಾರ್ಜ್‌ಶೀಟ್ ಇವತ್ತು ನಾಲ್ಕು ಗಂಟೆಗೆ ಕೋರ್ಟಿಗೆ ಹೋಗುವುದಿತ್ತು.

ನಿನ್ನೆ ಅವನ ಹೆಂಡತಿ ಬದ್ರುನ್ನೀಸಾ ನನ್ನ ಆಫೀಸಿಗೆ ಬಂದಿದ್ದಳು. ಅಳಲಿಲ್ಲ. ಅತ್ತು ಅತ್ತು ಮುಗಿದಿತ್ತು ಅಂತ ಕಾಣುತ್ತದೆ.

“ಅವ್ರು ಓದ್ಕಂಡೇ ಹೋದ್ರು ಮೇಡಂ.”

“ಏನು ಓದಿದ?”

“ಇಳಿಯುವ ದಾರಿ ಅಂತ ಬರ್ದಿತ್ತಂತೆ. ಹೈವೇ ಕೆಳಗೈತೆ. ಇಳಿದ್ರು.”

ಆ ಬೋರ್ಡಿಗೇ ಈಗ ನಾನು ಬೆನ್ನು ಕೊಟ್ಟಿದ್ದೆ. ಬಿಳಿ ತಗಡು, ನೀಲಿ ಅಕ್ಷರ. ಇಳಿಯುವ ದಾರಿ. ಪಕ್ಕದಲ್ಲಿ ನೋ ಎಂಟ್ರಿ ಗುಂಡು ಬೋರ್ಡ್ ಇರಬೇಕಿತ್ತು. ಗಾಳಿಗೆ ಬಿದ್ದು ತಿಂಗಳಾಗಿದೆಯಂತೆ, ಎತ್ತಿ ನಿಲ್ಲಿಸಿದವರಿಲ್ಲ. ಪೊಲೀಸರ ನಕ್ಷೆಯಲ್ಲಿ ಯಾವ ಬೋರ್ಡೂ ಇರಲಿಲ್ಲ. ನಾನು ಇವತ್ತು ಬೆಳಗ್ಗೆ ಫೋನಿನಲ್ಲಿ ತೆಗೆದ ಎಂಟು ಫೋಟೋ ಬಿಟ್ಟರೆ ಸಾಕ್ಷಿಯೇ ಇಲ್ಲ.

ಅಶ್ವಥನಿಗೂ ಅದು ಗೊತ್ತಿತ್ತು.

“ಫೋನ್ ಕೊಡಿ ಮೇಡಂ.”

“ಕೊಡಲ್ಲ.”

ಅವನು ಆಳುಗಳ ಕಡೆ ನೋಡಿದ. ಒಬ್ಬ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಇನ್ನೊಬ್ಬ ಫೋನ್ ಕಿತ್ತುಕೊಂಡು ಲಾರಿಯ ಚಕ್ರದಡಿ ಇಟ್ಟ. ಲಾರಿ ಒಂದಡಿ ಮುಂದೆ ಹೋಯಿತು. ಪಟ್!

ಐದು ನಿಮಿಷ. ಕಂಬ ಕೊಯ್ದರು. ಬೋರ್ಡನ್ನು ಲಾರಿಯ ಮೇಲೆ ಎಸೆದರು. ಕ್ರೇನಿನ ತೋಳನ್ನು ಮಡಚಲೂ ಇಲ್ಲ. ಆಳುಗಳನ್ನು ಅಲ್ಲೇ ಬಿಟ್ಟು, ಅಶ್ವಥ್ ಮತ್ತು ಡ್ರೈವರ್ ಹೈವೇಗೆ ಇಳಿದರು.

ನಾನು ನನ್ನ ಹಳೇ ಮಾರುತಿ ಹತ್ತಿ ಬೆನ್ನು ಬಿದ್ದೆ.

ಎಂಬತ್ತು... ತೊಂಬತ್ತು... ಸ್ಟೀರಿಂಗ್ ನಡುಗುತ್ತಿತ್ತು. ಈ ವಯಸ್ಸಿಗೆ ನನಗೆ ಇದೆಲ್ಲ ಬೇಕಿತ್ತಾ? ಮೂರು ದಿನ ನಿದ್ದೆ ಮಾಡಬೇಕು ಅನಿಸುತ್ತಿತ್ತು. ಆದರೂ ಕಾಲು ಆಕ್ಸಿಲರೇಟರಿನ ಮೇಲಿಂದ ಏಳಲಿಲ್ಲ.

ಲಾರಿಯವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಸ್ಪೀಡ್ ಏರಿಸಿದ. ಕೊನೇ ಕ್ಷಣದಲ್ಲಿ ಎಡಕ್ಕೆ ಎಳೆದು ಮುಂದಿನ ಎಕ್ಸಿಟ್ಟಿಗೆ ನುಗ್ಗಿದ.

“ಬೇಡ!” ಅಂತ ಕಿರುಚಿದೆ.

ಅದು ಲೂಪ್. ಸುತ್ತು ಹಾಕಿಕೊಂಡು ಹೋಗುವ ಬಿಗಿ ತಿರುವು. ಮೇಲೆತ್ತಿದ ಕ್ರೇನಿರುವ ಲಾರಿ ಅಲ್ಲಿ ಮೂವತ್ತರ ಮೇಲೆ ಹೋಗಬಾರದು. ಅವನು ಅರವತ್ತರಲ್ಲಿದ್ದ. ಇದಕ್ಕೆ ನನಗೆ ಕಂಪ್ಯೂಟರ್ ಬೇಕಿರಲಿಲ್ಲ.

ಹಾರ್ನ್ ಹೊಡೆದೆ. ಲೈಟ್ ಮಿಣುಕಿಸಿದೆ. ನಿಧಾನ ಮಾಡಲಿ ಅಂತ. ಹೆದರಿಸುತ್ತಿದ್ದಾಳೆ ಅಂದುಕೊಂಡು ಅವನು ಇನ್ನೂ ಒತ್ತಿದ.

ನಾನು ಬ್ರೇಕ್ ಹಾಕಿದೆ. ಅವನು ಹಾಕಲಿಲ್ಲ.

ಲಾರಿ ಮೊದಲು ವಾಲಿತು... ಆಮೇಲೆ ಆರಾಮಾಗಿ ಮಲಗಿತು. ತಡೆಗೋಡೆಗೆ ಉಜ್ಜಿಕೊಂಡು ಇಪ್ಪತ್ತು ಮೀಟರ್ ಜಾರಿ ನಿಂತಿತು. ಬೋರ್ಡ್ ಹಾರಿ ಬಂದು ನನ್ನ ಕಾರಿನ ಮುಂದೆ ಬಿತ್ತು.

ಒಡೆದ ಗಾಜಿನ ಕಡೆಯಿಂದ ಇಬ್ಬರನ್ನೂ ಎಳೆದು ಹಾಕಿದೆ. ಡ್ರೈವರಿಗೆ ಕೈ ಮುರಿದಿತ್ತು. ಅಶ್ವಥನ ಹಣೆ ಒಡೆದಿತ್ತು. ಅವನ ಫೋನಿನಿಂದಲೇ ಆಂಬುಲೆನ್ಸ್‌ಗೆ ಹೇಳಿದೆ. ನನ್ನ ದುಪಟ್ಟಾ ಅವನ ತಲೆಗೆ ಸುತ್ತಿದೆ.

“ಯಾಕೆ ಬಂದ್ರಿ ಮೇಡಂ...” ಅವನು ನರಳಿದ. “ನಿಮ್ಮನ್ನ ಉಳ್ಸಾಕೂ ಸೇರಿಸೇ ಬೋರ್ಡ್ ಕೀಳುಸ್ತಿದ್ದೆ.”

“ನನಗೇನು?”

ತನ್ನ ಫೋನಿನಲ್ಲಿದ್ದ ಒಂದು ಹಾಳೆಯ ಫೋಟೋ ತೋರಿಸಿದ.

“ಈ ಅಕ್ಸರ ಯಾರ್ದು ನೋಡ್ಕಳಿ.”

ನೋಡಿದೆ. ಇಂಟರ್‌ಚೇಂಜಿನ ಬೋರ್ಡುಗಳ ನಕ್ಷೆ. ‘ಎಕ್ಸಿಟ್ ರ‍್ಯಾಂಪ್’ ಅಂತ ಇಂಗ್ಲಿಷಿನಲ್ಲಿದ್ದುದನ್ನು ಹೊಡೆದುಹಾಕಿ, ಪೆನ್ನಿನಲ್ಲಿ ‘ಇಳಿಯುವ ದಾರಿ’ ಅಂತ ಕನ್ನಡದಲ್ಲಿ ಬರೆದಿತ್ತು. ಕೆಳಗೆ ಸಹಿ.

ಎರಡೂ ನನ್ನವೇ.

ನೆನಪಾಯಿತು. ಈ ರಸ್ತೆಯ ನಕ್ಷೆಗಳೂ ನನ್ನ ಮೇಜಿಗೇ ಬಂದಿದ್ದವು. ಹಳ್ಳಿಯವರಿಗೆ ಇಂಗ್ಲಿಷ್ ತಿಳಿಯಲ್ಲ, ಕನ್ನಡದಲ್ಲೇ ಹಾಕಿ ಅಂತ ಹಟ ಹಿಡಿದವಳು ನಾನು. ನಮ್ಮ ಕಡೆ ಬಸ್ಸು ಹತ್ತುತ್ತೇವೆ, ಬಸ್ಸು ಇಳಿಯುತ್ತೇವೆ. ಹೈವೇಯನ್ನೂ ಹಾಗೇ... ಹತ್ತೋದು, ಇಳಿಯೋದು. ಹೈವೇ ಬಿಟ್ಟು ಬರುವವರ ದಾರಿ ಇದು, ಈ ಕಡೆಯಿಂದ ಹೋಗಬೇಡಿ ಅಂತ ನನ್ನ ಅರ್ಥ. ಹೈವೇ ಹಳ್ಳದಲ್ಲಿದೆ ಅನ್ನುವುದು ಅದೇ ನಕ್ಷೆಯಲ್ಲಿತ್ತು. ಅವತ್ತು ಸಹಿ ಮಾಡಿದ ಮೂವತ್ತನೆಯದೋ ನಲವತ್ತನೆಯದೋ ಹಾಳೆ ಅದು. ತಲೆಗೆ ಹೊಳೆಯಲಿಲ್ಲ.

ಬೋರ್ಡ್ ಹಾಕಿದರೆ ಅಪಾಯ ಅರ್ಧ ಇಳಿಯುತ್ತದೆ ಅಂತಲೂ ರಿಪೋರ್ಟಿನಲ್ಲಿ ಬರೆದಿದ್ದೆ. ರಸ್ತೆಯ ಅಂಚಿನಲ್ಲಿ ಕೂತುಬಿಟ್ಟೆ.

“ಬುಟ್ಬುಡಿ ಮೇಡಂ,” ಅಶ್ವಥ್ ಅಂದ. “ಬೋರ್ಡ್ ಇಲ್ಲೇ ಬಿದ್ದಿರ್ಲಿ. ನಾವು ತಿಪ್ಪೆಗ್ ಎಸಿತೀವಿ. ಯಾರ್ಗೂ ಗೊತ್ತಾಗಾಕಿಲ್ಲ.”

“ತಾಜ್ ಪಾಷಾ?”

ಅವನು ದುಪಟ್ಟಾವನ್ನು ಹಣೆಗೆ ಒತ್ತಿಕೊಂಡು ಆಚೆ ತಿರುಗಿದ.

ಆಂಬುಲೆನ್ಸ್ ಬಂದು ಇಬ್ಬರನ್ನೂ ಕರೆದೊಯ್ದಿತು. ಎರಡೂ ಮುಕ್ಕಾಲು ಆಗಿತ್ತು. ಮನೆಗೆ ಹೋಗಿ ಮಲಗಬಹುದಿತ್ತು. ನಿಜ ಹೇಳುತ್ತೇನೆ, ಒಂದು ನಿಮಿಷ ಅದನ್ನೇ ಯೋಚಿಸಿದೆ. ಆಮೇಲೆ ಬೋರ್ಡನ್ನು ಲಾರಿಯ ಹಗ್ಗದಲ್ಲೇ ಕಾರಿನ ಮೇಲೆ ಬಿಗಿದೆ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ಅನಂತರಾಜು ಫೈಲು ಕಟ್ಟುತ್ತಿದ್ದರು. ಬೋರ್ಡನ್ನು ಅವರ ಮೇಜಿಗೆ ಒರಗಿಸಿದೆ. ಎಲ್ಲ ಹೇಳಿದೆ. ಅವರು ಅದನ್ನು ಎರಡು ಸಲ ಓದಿದರು.

“ನಾನಾಗಿದ್ರೂ ಇಳೀತಿದ್ದೆ,” ಅಂದರು. “ಯಾರು ಬರ್ದಿದ್ದು ಇದನ್ನ?”

“ನಾನು.”

ಪೆನ್ನು ಕೆಳಗಿಟ್ಟರು.

“ಮೇಡಂ... ಬರ್ಕೊಂಡ್ಮೇಲೆ ವಾಪಸ್ ತಗೊಳಾಕಾಗಲ್ಲ.”

“ಗೊತ್ತು ಸರ್. ಬರ್ಕೊಳ್ಳಿ.”

ಅವರು ಚಾರ್ಜ್‌ಶೀಟನ್ನು ಪಕ್ಕಕ್ಕೆ ಸರಿಸಿದರು. ಇದು ಇವತ್ತು ಹೋಗುವುದಿಲ್ಲ, ದೊಡ್ಡ ಸೆಕ್ಷನ್ ನಿಲ್ಲುವುದೂ ಇಲ್ಲ ಅಂತ ರೈಟರಿಗೆ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಬದ್ರುನ್ನೀಸಾಗೆ ಅದು ಕೇಳಿಸಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅನಂತರಾಜು ಹೊಸ ಹಾಳೆ ಎಳೆದುಕೊಂಡರು.

“ಹೆಸ್ರು ಹೇಳಿ.”

“ಪ್ರತಿಮಾ. ನಿಧಾನವಾಗಿ ಬರೀರಿ ಸರ್... ಅವಸರದಲ್ಲಿ ಬರೆದ ಒಂದು ಪದಕ್ಕೆ ಆಗಲೇ ಒಂದು ಹೆಣ ಬಿದ್ದಿದೆ.”