ದೇವಿಕಾ ಅಲ್ಲ, ದೆಬೋರಾ

“ನೀನೇ ಏನವ್ವಾ ನಮ್ ಪ್ರಭು ಹೇಳ್ತಿದ್ದ ದೇವಿಕಾ?”

ಕೊಡಿಗೇನಹಳ್ಳಿಯ ತಮ್ಮ ಅಂಗಡಿಯಲ್ಲಿ ಪ್ರಭುವಿನ ತಾಯಿ ಚನ್ನಮಲ್ಲಮ್ಮ ಹಾಗೆ ಕೇಳಿದಾಗ ದೆಬೋರಾ ಹಿಂದೆ ತಿರುಗಿ ನೋಡಿದಳು. ಬೇರೆ ಯಾರೂ ಇರಲಿಲ್ಲ. ತಕ್ಕಡಿಯ ಪಕ್ಕದಲ್ಲಿ ಪ್ರಭುದೇವ್ ಬಿಳಿಚಿಕೊಂಡು ನಿಂತಿದ್ದ.

ದೆಬೋರಾ ಸಿರಾದವಳು. ಇಲ್ಲಿನ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುವ ಪಿ.ಟಿ. ಮೇಡಂ. ‘ಅಮ್ಮನನ್ನು ನೋಡು ಬಾ’ ಎಂದು ಪ್ರಭು ಕರೆದದ್ದಕ್ಕೆ ಹೊಸ ಸೀರೆ ಉಟ್ಟು ಬಂದಿದ್ದಳು. ತಾಯಿಯನ್ನು ಒಪ್ಪಿಸಲು ಅವನು ದೆಬೋರಾ ಎಂಬ ಹೆಸರನ್ನೇ ದೇವಿಕಾ ಎಂದು ಬದಲಾಯಿಸಿದ್ದಾನೆ ಎಂದು ಅವಳಿಗೆ ಈಗ ತಿಳಿಯಿತು.

“ಅಲ್ಲಮ್ಮ. ಆ ದೇವಿಕಾ ಯಾರೋ ನಂಗೊತ್ತಿಲ್ಲ” ಎಂದು ಮೆಲ್ಲಗೆ ಹೇಳಿ ಹೊರಟುಬಿಟ್ಟಳು.

ಸಂಜೆ ಅವನು ಮೈದಾನಕ್ಕೆ ಬಂದ. ಅವಳು ಅಂಕಣದ ಗೆರೆಗೆ ಸುಣ್ಣದ ಪುಡಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

“ಅಮ್ಮಂಗೆ ನಿನ್ನ ಹೆಸರು ಬಾಯಿಗೆ ಬರಲ್ಲ ಅಂತ...”

“ಹೆದರ್ಕೊಂಡು ಹಂಗಂದೆ ನೀನು.”

“ಹೂಂ. ಹೆದರಿದ್ದೆ.”

ಆ ಒಂದು ಮಾತಿಗೆ ಅವಳ ಕೋಪ ಚೂರು ಸಡಿಲವಾಯಿತು.

“ದೆಬೋರಾ ಅಂದ್ರೆ ಏನು ಗೊತ್ತಾ? ಹೀಬ್ರೂನಲ್ಲಿ ಜೇನುನೊಣ.”

“ಅದಕ್ಕೇ ಹಿಂಗೆ ಕುಟುಕ್ತೀಯ.” ಅವನು ಓರೆಗಣ್ಣಿನಲ್ಲಿ ನೋಡಿದ. ಅವಳು ತುಟಿ ಕಚ್ಚಿ ನಗು ತಡೆದಳು.

“ಬೈಬಲ್‌ನಲ್ಲಿ ದೆಬೋರಾ ಅಂತ ಒಬ್ಳು ಖರ್ಜೂರದ ಮರದ ಕೆಳಗೆ ಕೂತು ಇಡೀ ಇಸ್ರಾಯೇಲಿಗೆ ನ್ಯಾಯ ಹೇಳ್ತಿದ್ಲು. ಬಾರಾಕ್ ಅಂತ ಸೇನಾಪತಿ. ಯುದ್ಧಕ್ಕೆ ಹೋಗು ಅಂದ್ರೆ, ನೀನು ಬಂದ್ರೆ ಮಾತ್ರ ಹೋಗ್ತೀನಿ ಅಂದ. ಬರ್ತೀನಿ, ಆದ್ರೆ ಕೀರ್ತಿ ನಿಂಗೆ ಸಿಗಲ್ಲ ಅಂದ್ಲು. ಹೋಗಿ ಗೆದ್ದು ಬಂದ್ಲು. ನಾನು ಹುಟ್ಟಿದಾಗ ಅಜ್ಜಿ ‘ಮತ್ತೆ ಹೆಣ್ಣಾ’ ಅಂದ್ರಂತೆ. ಅವತ್ತೇ ಅಪ್ಪ ಈ ಹೆಸರಿಟ್ರು.” ಅವಳ ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ. “ನಿನ್ನನ್ನ ಬೇಕಾದ್ರೆ ಬಿಟ್ಟೇನು ಪ್ರಭು. ಇದನ್ನ ಬಿಡಲ್ಲ.”

ಅವನು ಅವಳ ಕೈಯಿಂದ ಸುಣ್ಣದ ಡಬ್ಬಿ ತೆಗೆದು ಕೆಳಗಿಟ್ಟ. “ಈಗ್ಲೇ ಅಮ್ಮಂಗೆ ನಿಜ ಹೇಳ್ತೀನಿ. ಜೊತೆಗೆ ಬಾ.”

“ಥೇಟ್ ಬಾರಾಕ್ ಕಣೋ ನೀನು.”

“ಆಗ್ಲಿ. ಕೀರ್ತಿ ಎಲ್ಲಾ ನಿಂದೇ.”

ಅಂಗಡಿಯಲ್ಲಿ ಅವನು ಎಲ್ಲವನ್ನೂ ಹೇಳಿದ. ಹುಡುಗಿ ಕ್ರೈಸ್ತರ ಮನೆಯವಳು, ಮದುವೆಯಾದರೆ ಇವಳನ್ನೇ ಎಂದೂ ಹೇಳಿದ. ಚನ್ನಮಲ್ಲಮ್ಮ ತಕ್ಕಡಿಯ ತಟ್ಟೆಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸಿಟ್ಟರು.

“ಹೆತ್ತೋಳಿಗೇ ಸುಳ್ಳು ಹೇಳ್ಬುಟ್ಟೆ ಕಣ್ಲಾ” ಎಂದರು ಕೊನೆಗೆ. ಆಮೇಲೆ ಅವಳ ಕಡೆ ತಿರುಗಿ, “ಅದೇನವ್ವಾ ನಿನ್ ಹೆಸರು? ಅಂಗಂದ್ರೇನು?”

“ದೆಬೋರಾ. ಜೇನುನೊಣ ಅಂತ ಅರ್ಥ.”

“ನನ್ ತವರು ಮಧುಗಿರಿ. ಬೆಟ್ಟದ ಬಂಡೇಲಿ ಜೇನು ನೋಡ್ಕೊಂಡೇ ಬೆಳ್ದೋಳು ನಾನು.” ಮುಖದ ಬಿಗುವು ಸಡಿಲಿತು. “ಒಳ್ಳೆ ಹೆಸರೇ ಇಟ್ಟವ್ರೆ. ಇವ್ನಪ್ಪ ಒಪ್ಪೋದು ಕಷ್ಟ. ನೋಡನ, ನಾನಿದೀನಿ.”

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು. ಪ್ರಭುವಿನ ತಂದೆ ಚನ್ನಮಲ್ಲಯ್ಯ ಹೆಲ್ಮೆಟ್ ತೆಗೆಯುತ್ತಾ ಒಳಗೆ ಬಂದರು. ದೆಬೋರಾ ಬಾಯಿ ತೆರೆಯುವ ಮೊದಲೇ ಪ್ರಭುದೇವ್ ಅವಳ ಕೈ ಹಿಡಿದು ಮುಂದೆ ಬಂದ.

“ಅಪ್ಪಾ, ಇವಳು ದೆಬೋರಾ. ನಾನು ಮದುವೆ ಆಗೋ ಹುಡುಗಿ.”

ಅವನ ದನಿ ಎಲ್ಲೂ ತೊದಲಲಿಲ್ಲ. ಅವಳಿಗೆ ತನ್ನ ಹೆಸರಿನ ಬಗ್ಗೆ ಹೆಮ್ಮೆ ಯಾವಾಗಲೂ ಇತ್ತು. ಅವನ ಬಗ್ಗೆ ಅಷ್ಟು ಹೆಮ್ಮೆ ಎನಿಸಿದ್ದು ಅದೇ ಮೊದಲು.

ಚನ್ನಮಲ್ಲಯ್ಯ ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಹೆಲ್ಮೆಟ್ ಕೆಳಗಿಟ್ಟು, ಸ್ಟೂಲನ್ನು ಅವಳ ಕಡೆ ಸರಿಸಿದರು.

“ಕೂತ್ಕಳಮ್ಮ” ಎಂದರು. “ಮಾತಾಡನ.”