ಮಾಣಿಕಪ್ಪನ ಹಾಜರಿ

ಮಗಳ ಜಾತಿ ಪ್ರಮಾಣಪತ್ರಕ್ಕೆ ನನ್ನ ಮುತ್ತಜ್ಜ ಮಾಣಿಕಪ್ಪನ ದಾಖಲೆ ಬೇಕಿತ್ತು. ನಿಲಂಗಾದಲ್ಲಿ ಉರ್ದು ಬಲ್ಲ ಮುದುಕರೊಬ್ಬರು ನಿಜಾಮರ ಕಾಲದ ಶಾಲೆಯ ಹಾಜರಿ ಪುಸ್ತಕ ಓದಿ, ಕನ್ನಡಕ ತೆಗೆದರು.

“ಊರು, ಅಪ್ಪನ ಹೆಸರು, ಜಾತಿ ಎಲ್ಲಾ ಖರೇ ಅದಾವ್ರೀ. ಆದ್ರ ಈ ಹುಡುಗ ಒಂಬತ್ತು ವರ್ಷದಂವ ಇದ್ದಾಗೇ ಸತ್ತಾನಂತ ಇದರಾಗ ಬರದಾರ. ನೀವು ಇವನ ಮರಿಮಗ ಹೆಂಗಾದ್ರಿ?”

ಎಳ್ಳಮಾಸಿಯ, ಅಂದರೆ ಎಳ್ಳಮಾವಾಸ್ಯೆಯ ಹಬ್ಬದ ದಿನ ನಾವು ಹೊಲದಲ್ಲಿ ಮುತ್ತಜ್ಜನ ಗದ್ದುಗೆಗಿಂತ ಮೊದಲು ಪಕ್ಕದ ಸಣ್ಣ ಗುಡ್ಡೆಗೆ ಅಂಬಲಿ ಇಡುತ್ತೇವೆ. ಅದು ಯಾರದೆಂದು ಯಾರೂ ಹೇಳಿರಲಿಲ್ಲ. ಈ ವರ್ಷ ನಾನೇ ಇಟ್ಟೆ. ನಡುಮಧ್ಯಾಹ್ನದ ಬಿಸಿಲಿಗೂ ಅಲ್ಲಿನ ಕಲ್ಲು ಬಾವಿಯ ನೀರಿನಂತೆ ತಣ್ಣಗಿತ್ತು.

“ಮಾಣಿಕಪ್ಪಾ” ಎಂದೆ.

“ಹಾಜರ್.”

ಎಳೆಯ ದನಿ, ನನ್ನ ಸೊಂಟದ ಎತ್ತರದಿಂದ. ಸುತ್ತ ಬರೀ ಜೋಳದ ಬೆಳೆ.

ಸೋದರತ್ತೆ ಕಸ್ತೂರಬಾಯಿ ಗಡಿಗೆಯಿಂದ ತಲೆ ಎತ್ತಲಿಲ್ಲ. “ಹೆಸರ ಹಿಡದು ಕರೀಬಾರದಿತ್ತು. ಆ ಹುಡುಗ ಸತ್ತ ಮ್ಯಾಲ ಅದೇ ಹೆಸರಿಲೆ ಯಾರೋ ಬಂದು ಹೊಲಾ ಹಿಡದ. ನಾವೆಲ್ಲಾ ಆ ಬಂದವನ ಪೈಕಿ.”

“ಅಂವಾ ಯಾರು?”

“ಉಣ್ಣು” ಎಂದು ಕಾಳು-ಸೊಪ್ಪಿನ ಭಜ್ಜಿ ಬಡಿಸಿದಳು.

ಪ್ರಮಾಣಪತ್ರ ಬಂದಿದೆ, ಸತ್ತ ಹುಡುಗನ ಹೆಸರಿನ ಮೇಲೆಯೇ. ಗೋಡೆಯ ಮೇಲಿನ ಮುತ್ತಜ್ಜನ ಫೋಟೋಗೆ ನಾನು ಈಗಲೂ ಹೂ ಏರಿಸುತ್ತೇನೆ. ಯಾರಿಗೆ ಅಂತ ಗೊತ್ತಿಲ್ಲ.